ಹಾವಿನ ಇಂಜೆಕ್ಷನ್ ಮೈಗೆ ಒಗ್ಗದಿದ್ದಾಗ: ರೋಗಿಯ ಪಕ್ಕ ಕುಳಿತವರು ತಿಳಿದಿರಬೇಕಾದದ್ದು

ನಮ್ಮ ಅಣ್ಣನಿಗೆ ಕೊಳಕುಮಂಡಲ ಕಚ್ಚಿದ್ದು ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ. ಶಿರಸಿ ಕಡೆಯ ಒಂದು ಆಸ್ಪತ್ರೆಯಲ್ಲಿ ಪ್ರತಿವಿಷದ ಡ್ರಿಪ್ ಹಚ್ಚಿ ಕಾಲು ಗಂಟೆಯೂ ಆಗಿರಲಿಲ್ಲ, ಅವನು ಸೊಂಟದ ಹತ್ತಿರ ಕೆರೆದುಕೊಳ್ಳತೊಡಗಿದ. "ತಮಾ, ಇಲ್ಲಿ ನುಸಿ ರಾಶಿ ಇದ್ದು" ಎಂದ. ನಾನು ಟವೆಲ್ಲಿನಿಂದ ಗಾಳಿ ಹಾಕುತ್ತ ಕುಳಿತೆ. ಹಾದುಹೋಗುತ್ತಿದ್ದ ಸಿಸ್ಟರ್ ಒಬ್ಬರು ನಿಂತು ಅವನ ಅಂಗಿ ಎತ್ತಿ ನೋಡಿದಾಗ ಹೊಟ್ಟೆಯ ತುಂಬ ನಾಲ್ಕಾಣೆ ಅಗಲದ ಕೆಂಪು ಗಂಧೆಗಳು, ಅಂದರೆ ತುರಿಸುವ ದದ್ದುಗಳು, ಇದ್ದವು. ಕೂಡಲೇ ಡ್ರಿಪ್ ನಿಲ್ಲಿಸಿದರು, ತೊಡೆಗೊಂದು ಚುಚ್ಚುಮದ್ದು ಕೊಟ್ಟರು, ಗಂಧೆ ಇಳಿದ ಮೇಲೆ ಅದೇ ಡ್ರಿಪ್ಪನ್ನು ಮತ್ತೆ ಹಚ್ಚಿದರು. ನುಸಿ ಓಡಿಸುತ್ತ ನಾನು ಕಳೆದ ಆ ಐದು ನಿಮಿಷ ಯಾರಿಗೂ ವ್ಯರ್ಥವಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಇದು ವೈದ್ಯರಿಗೆ ಪಾಠವಲ್ಲ. ಕೆಳಗೆ ಬರುವ ಔಷಧಿಯ ಅಳತೆಗಳು ಮನೆಯಲ್ಲಿ ಪ್ರಯೋಗಿಸುವುದಕ್ಕೂ ಅಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತವರಿಗೆ ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು, ಮನೆಗೆ ಹೋದ ಮೇಲೆ ಯಾವಾಗ ಮರಳಿ ಬರಬೇಕು ಎಂಬುದು ಗೊತ್ತಿರಬೇಕು. ಒಬ್ಬ ಸಿಸ್ಟರ್ ಹತ್ತಾರು ಹಾಸಿಗೆಗಳನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ರೋಗಿಯ ಮೈಮೇಲೆ ಎದ್ದ ಮೊದಲ ಗಂಧೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮನೆಯವರಿಗೇ.

ಕುದುರೆಯ ಲೆಕ್ಕ

ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ, ಆಸ್ಪತ್ರೆಯವರ ಮಾತಿನಲ್ಲಿ ಎಎಸ್‌ವಿ, ಕುದುರೆಯ ರಕ್ತದಿಂದ ತಯಾರಾಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಸಣ್ಣ ಪ್ರಮಾಣದಿಂದ ಆರಂಭಿಸಿ ತಿಂಗಳುಗಟ್ಟಲೆ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಹಿಡಿದುಹಾಕುವ ಪ್ರತಿಕಾಯಗಳು ಬೆಳೆದ ಮೇಲೆ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಪೆಪ್ಸಿನ್ ಎಂಬ ಕಿಣ್ವದಿಂದ ಪ್ರತಿಕಾಯದ ಬೇಡದ ಬಾಲವನ್ನು ಕತ್ತರಿಸಿ, ಒಣಗಿಸಿ ಪುಡಿ ಮಾಡಿ ಸೀಸೆಗೆ ತುಂಬುತ್ತಾರೆ. ಇದಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ. ಫ್ರೆಂಚ್ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಹಾಕಿಕೊಟ್ಟ ದಾರಿ ಮೂಲದಲ್ಲಿ ಇಂದಿಗೂ ಅದೇ.

ಹೀಗೆ ಬಂದ ಔಷಧಿ ಎಷ್ಟು ಶುದ್ಧಗೊಂಡರೂ ನಮ್ಮ ದೇಹದ ಪಾಲಿಗೆ ಪರಕೀಯ ಪ್ರಾಣಿಯ ಪ್ರೋಟೀನೇ. ಅದೂ ಒಂದು ಹನಿಯಲ್ಲ. ಸಾಮಾನ್ಯವಾಗಿ ಮೊದಲ ಕಂತಿಗೇ 8ರಿಂದ 10 ವಯಲ್ (ಸೀಸೆ), ಅಂದರೆ ಕರಗಿಸಿದ ಮೇಲೆ 80ರಿಂದ 100 ಮಿಲಿ ಲೀಟರ್ ಔಷಧಿ ಸಲೈನಿನೊಂದಿಗೆ ಬೆರೆತು ಒಂದು ಗಂಟೆಯೊಳಗೆ ರಕ್ತಕ್ಕೆ ಸೇರುತ್ತದೆ. ಪ್ರತಿವಿಷ ಪಡೆದ ಹತ್ತು ಜನರಲ್ಲಿ ಒಬ್ಬರಿಗಿಂತ ಹೆಚ್ಚಿನವರಲ್ಲಿ ಒಂದಲ್ಲ ಒಂದು ರೀತಿಯ ಪ್ರತಿಕ್ರಿಯೆ ಕಾಣುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಗಂಧೆ ಎದ್ದರೆ ಅದು ಆಸ್ಪತ್ರೆಯ ತಪ್ಪೂ ಅಲ್ಲ, ಮನೆಯವರ ದುರದೃಷ್ಟವೂ ಅಲ್ಲ.

ಚಿಕ್ಕ ಮಕ್ಕಳಿಗೂ ದೊಡ್ಡವರಷ್ಟೇ ವಯಲ್ ಕೊಡುವುದನ್ನು ಕಂಡು ಗಾಬರಿಯಾಗುವ ತಂದೆತಾಯಿ ಬಹಳ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಔಷಧಿಯ ಲೆಕ್ಕ ಒಳಹೊಕ್ಕ ವಿಷಕ್ಕೇ ಹೊರತು ಮೈತೂಕಕ್ಕಲ್ಲ.

ಇನ್ನೊಂದು ಒತ್ತಾಯವನ್ನು ಪ್ರತಿ ವಾರ್ಡಿನಲ್ಲೂ ಕೇಳಬಹುದು: "ಡಾಕ್ಟರೇ, ಮೊದಲು ಟೆಸ್ಟ್ ಡೋಸ್ ಕೊಟ್ಟು ನೋಡಿ." ಪೆನ್ಸಿಲಿನ್ ಕೊಡುವ ಮೊದಲು ಮುಂಗೈಯಲ್ಲಿ ಚುಚ್ಚಿ ಪರೀಕ್ಷಿಸುವುದನ್ನು ನೋಡಿದವರಿಗೆ ಇದು ಸಹಜವಾಗಿ ತೋರುತ್ತದೆ. ಆದರೆ ಪ್ರತಿವಿಷದ ಆರಂಭಿಕ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಪೆನ್ಸಿಲಿನ್ ಅಲರ್ಜಿಯ ಜಾತಿಯವಲ್ಲ. ಅಲ್ಲಿ ದೇಹ ಹಿಂದೊಮ್ಮೆ ಔಷಧಿಯನ್ನು ಕಂಡು ನೆನಪಿಟ್ಟುಕೊಂಡಿರುತ್ತದೆ. ಇಲ್ಲಿ ಅಂಥ ನೆನಪೇನೂ ಬೇಕಿಲ್ಲ, ಕುದುರೆಯ ಪ್ರೋಟೀನು ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ಬಿದ್ದು ದೇಹದ ರಕ್ಷಣಾ ವ್ಯವಸ್ಥೆಯನ್ನು ನೇರವಾಗಿ ಕೆರಳಿಸುತ್ತದೆ. ಅದಕ್ಕೇ ಜೀವಮಾನದಲ್ಲಿ ಮೊದಲ ಬಾರಿ ಪ್ರತಿವಿಷ ಪಡೆದವರಿಗೂ ಹೀಗಾಗಬಹುದು. ಚರ್ಮದ ಪರೀಕ್ಷೆ ಶುದ್ಧವಾಗಿ ಬಂದವರಿಗೆ ತೀವ್ರ ಪ್ರತಿಕ್ರಿಯೆಯಾಗಿದೆ, ಕೆಂಪಾದವರಿಗೆ ಏನೂ ಆಗದಿದ್ದದ್ದೂ ಇದೆ. ಮೇಲಾಗಿ ಪರೀಕ್ಷೆಯೇ ದೇಹವನ್ನು ಕೆರಳಿಸಬಹುದು. ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಾರ್ಗಸೂಚಿಗಳೆರಡೂ ಇದನ್ನು ಕೈಬಿಟ್ಟಿವೆ. ವೈದ್ಯರು ಟೆಸ್ಟ್ ಡೋಸ್ ಕೊಡದಿದ್ದರೆ ಅದು ಅಸಡ್ಡೆಯಲ್ಲ.

ಡ್ರಿಪ್ ಹಚ್ಚುವ ಮುನ್ನ

ಹುಳ ಮುಟ್ಟಿದೆ ಎಂದ ಕೂಡಲೇ ಇಂಜೆಕ್ಷನ್ ಕೊಡಲೇಬೇಕೆಂದು ಹಟ ಹಿಡಿಯಬಾರದು. ಕಚ್ಚಿದ ಹಾವು ವಿಷವಿಲ್ಲದ್ದಾಗಿರಬಹುದು, ವಿಷದ ಹಾವೇ ಆದರೂ ವಿಷ ಬಿಡದೆ ಕಚ್ಚಿರಬಹುದು. ರಕ್ತ ಹೆಪ್ಪುಗಟ್ಟದಿರುವುದು, ರೆಪ್ಪೆ ಜೋಲುವುದು, ಊತ ವೇಗವಾಗಿ ಏರುವುದು ಮುಂತಾದ ವಿಷದ ಲಕ್ಷಣ ಕಂಡಾಗಲೇ ಪ್ರತಿವಿಷ ಕೊಡುವುದು ಸರಿಯಾದ ಕ್ರಮ, ಏಕೆಂದರೆ ಲಾಭವಿಲ್ಲದ ಕಡೆ ಕೊಟ್ಟರೆ ಉಳಿಯುವುದು ಅಪಾಯವೊಂದೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ತೋಟದ ದರಕಿನಲ್ಲಿ, ಏಲಕ್ಕಿ ಹಿಂಡಿನ ಬುಡದಲ್ಲಿ ಮಲಗಿರುವ ಗುಳಿಮಂಡಲಗಳು, ಮೂಗಿನ ತುದಿ ಮೇಲಕ್ಕೆ ಬಾಗಿದ ಕಂದು ಬಣ್ಣದ್ದಾಗಲಿ ಮಳೆಗಾಲದಲ್ಲಿ ಗಿಡಗಳ ಮೇಲೆ ಕಾಣುವ ಮಲಬಾರ್ ಗುಳಿಮಂಡಲವಾಗಲಿ, ಆ ನಾಲ್ಕು ಹಾವುಗಳ ಲೆಕ್ಕದಲ್ಲಿಲ್ಲ. ಘಟ್ಟದ ಕಾಳಿಂಗ ಸರ್ಪವೂ ಇಲ್ಲ. ಕಾರವಾರ, ತದಡಿ, ಭಟ್ಕಳದ ಮೀನುಗಾರರ ಬಲೆಗೆ ಸಿಕ್ಕಿ ಬಲೆ ಬಿಡಿಸುವಾಗ ಕಚ್ಚುವ ಕಡಲಹಾವುಗಳೂ ಇಲ್ಲ. ಇವುಗಳ ಕಡಿತಕ್ಕೆ ನಮ್ಮ ಪ್ರತಿವಿಷ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ, ಆದರೆ ಅಲರ್ಜಿ ಮಾತ್ರ ಅಷ್ಟೇ ಆಗಬಹುದು. ಹಾವನ್ನು ಹಿಡಿಯಲು, ಹೊಡೆಯಲು ಹೋಗುವುದು ಬೇಡ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕಿದರೆ ವೈದ್ಯರ ತೀರ್ಮಾನಕ್ಕೆ ದೊಡ್ಡ ಸಹಾಯ, ಸಿಗದಿದ್ದರೂ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ.

ವೈದ್ಯರು ಪ್ರತಿವಿಷ ಕೊಡಬೇಕೆಂದು ನಿರ್ಧರಿಸಿದ ಮೇಲೆ ಅವರು ಕೇಳದಿದ್ದರೂ ಹೇಳಬೇಕಾದ ಸಂಗತಿಗಳಿವೆ. ರೋಗಿಗೆ ಉಬ್ಬಸವಿದೆಯೇ, ಯಾವುದಾದರೂ ಔಷಧಿ ಅಥವಾ ಆಹಾರದಿಂದ ಮೈಯೆಲ್ಲ ಗಂಧೆ ಎದ್ದದ್ದಿದೆಯೇ, ಹಿಂದೆ ಪ್ರತಿವಿಷ ಪಡೆದಿದ್ದಾರೆಯೇ, ನಾಯಿ ಕಚ್ಚಿದಾಗ ಗಾಯದ ಸುತ್ತ ಸೀರಂ ಚುಚ್ಚಿಸಿಕೊಂಡಿದ್ದಾರೆಯೇ ಎಂಬುದನ್ನು ಹೇಳಿರಿ. ಆ ಸೀರಂ ಕೂಡ ಹಲವು ವೇಳೆ ಕುದುರೆಯದ್ದೇ. ಹೃದಯದ ಕಾಯಿಲೆ ಇದ್ದರೆ, ಬಿ.ಪಿ. ಮಾತ್ರೆ ನುಂಗುತ್ತಿದ್ದರೆ ಮಾತ್ರೆಯ ಚೀಟಿಯನ್ನೇ ತೋರಿಸಿರಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ಅಲರ್ಜಿಗೆ ಕೊಡುವ ಅಡ್ರಿನಲಿನ್ ನಿರೀಕ್ಷಿಸಿದಷ್ಟು ಕೆಲಸ ಮಾಡದಿರಬಹುದು, ಅದು ಮೊದಲೇ ಗೊತ್ತಿದ್ದರೆ ವೈದ್ಯರು ಸಿದ್ಧರಾಗಿರುತ್ತಾರೆ. ದಾರಿಯಲ್ಲಿ ನಾಟಿ ಔಷಧಿ ಕುಡಿಸಿದ್ದರೆ ಮುಚ್ಚಿಡಬಾರದು. ಬೈಗುಳ ತಿಂದರೂ ಪರವಾಗಿಲ್ಲ. ಇವುಗಳಲ್ಲಿ ಯಾವುದೂ, ಗರ್ಭಿಣಿ ಎಂಬುದೂ ಸೇರಿದಂತೆ, ಪ್ರಾಣಕ್ಕೆ ಅಪಾಯವಿದ್ದಾಗ ಪ್ರತಿವಿಷ ನಿರಾಕರಿಸಲು ಕಾರಣವಲ್ಲ. ಎಚ್ಚರಿಕೆ ಹೆಚ್ಚಿಸಲು ಮಾತ್ರ ಕಾರಣ.

ನಂತರ ನಿಮ್ಮ ಕೈಯಲ್ಲೇ ಇರುವ ಕೆಲಸ. ಬಳೆ, ಉಂಗುರ, ಕಾಲುಂಗುರ, ಉಡಿದಾರ, ಬಿಗಿಯಾದ ಅಂಗಿಗುಂಡಿ ತೆಗೆಯಿರಿ. ಡ್ರಿಪ್ ಆರಂಭವಾಗುವ ಮೊದಲೇ ಹೊಟ್ಟೆ, ಎದೆ, ಕತ್ತು, ತೊಡೆಯ ಸಂದು, ಕಿವಿಯ ಹಿಂಭಾಗವನ್ನು ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿರಿ, ಏಕೆಂದರೆ ತೋಟದ ಕೆಲಸದವರ ಮೈಯಲ್ಲಿ ಉಂಬಳ (ಜಿಗಣೆ) ಕಚ್ಚಿದ ಗುರುತು, ತುರಿಕೆಯ ಕಲೆ ಮೊದಲಿನಿಂದಲೂ ಇರುತ್ತವೆ. ಹೊಸದು ಯಾವುದೆಂದು ತಿಳಿಯಬೇಕಾದರೆ ಹಳೆಯದು ನೆನಪಿರಬೇಕು. ರೋಗಿಯೊಂದಿಗೆ ನಾಲ್ಕು ಮಾತಾಡಿ ದನಿ ಹೇಗಿದೆ ಎಂದು ಕೇಳಿಸಿಕೊಳ್ಳಿರಿ. ಡ್ರಿಪ್ ಹಚ್ಚಿದ ಗಳಿಗೆಯನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಹೊದಿಕೆಯನ್ನು ಕತ್ತಿನವರೆಗೆ ಎಳೆದು ಮುಚ್ಚಬೇಡಿರಿ; ಪ್ರೀತಿಯಿಂದ ಹೊದೆಸಿದ ಕಂಬಳಿಯ ಅಡಿಯಲ್ಲಿ ಗಂಧೆಗಳು ಯಾರಿಗೂ ಕಾಣದೆ ಬೆಳೆಯುತ್ತವೆ.

"ಅಡ್ರಿನಲಿನ್ ತೆಗೆದಿಟ್ಟಿದ್ದೀರಾ ಸಿಸ್ಟರ್?" ಎಂದು ವಿನಯದಿಂದ ಕೇಳುವುದು ತಪ್ಪಲ್ಲ. ಸಿರಿಂಜಿಗೆ ಎಳೆದ ಅಡ್ರಿನಲಿನ್ ಕೈಗೆಟಕುವಲ್ಲಿ ಇರಬೇಕೆಂಬುದು ನಿಯಮವೇ. ಕೆಲವು ವೈದ್ಯರು ಪ್ರತಿವಿಷಕ್ಕೆ ಮೊದಲೇ 0.25 ಮಿಲಿಗ್ರಾಂ ಅಡ್ರಿನಲಿನ್ನನ್ನು ಚರ್ಮದ ಕೆಳಗೆ ಕೊಡುತ್ತಾರೆ. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ಶೇ. 43ರಷ್ಟು ತಗ್ಗಿದ್ದವು, ಅದೇ ಉದ್ದೇಶಕ್ಕೆ ಕೊಟ್ಟ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್, ಪ್ರೊಮೆಥಜಿನ್ ಎಂಬ ಅಲರ್ಜಿ ಮದ್ದುಗಳಿಂದ ಪ್ರಯೋಜನ ಕಾಣಲಿಲ್ಲ. ವಯಸ್ಸಾದವರು, ಹೃದ್ರೋಗಿಗಳ ವಿಷಯದಲ್ಲಿ ಬೇರೆ ಯೋಚನೆ ಇರುವುದರಿಂದ ಆ ತೀರ್ಮಾನ ವೈದ್ಯರದ್ದು.

ಘಟ್ಟದ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡಬೇಕು. ಅಲರ್ಜಿಯಾದರೆ ನಿಭಾಯಿಸುವುದು ಕಷ್ಟವೆಂದು ಚಿಕ್ಕ ಆಸ್ಪತ್ರೆಯಿಂದ ಮುಂದಕ್ಕೆ ಕಳಿಸುವುದೂ ಉಂಟು, ದೊಡ್ಡ ಆಸ್ಪತ್ರೆಯೇ ಬೇಕೆಂದು ಮನೆಯವರೇ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವುದೂ ಉಂಟು. ವಿಷದ ಲಕ್ಷಣ ಸ್ಪಷ್ಟವಿದ್ದು, ಔಷಧಿಯೂ ಅಡ್ರಿನಲಿನ್ನೂ ಅಲ್ಲೇ ಇದ್ದರೆ, ಮೊದಲ ಕಂತನ್ನು ಸಮೀಪದ ಆಸ್ಪತ್ರೆಯಲ್ಲೇ ಪಡೆದು ಹೊರಡುವುದು ಮೇಲು. ಅಲರ್ಜಿಗೆ ಐದು ನಿಮಿಷದಲ್ಲಿ ಕೆಲಸ ಮಾಡುವ ಮದ್ದಿದೆ. ದೇವಿಮನೆ ಘಟ್ಟದ ತಿರುವುಗಳಲ್ಲೋ ಅರಬೈಲಿನ ಲಾರಿಗಳ ಸಾಲಿನ ಹಿಂದೆಯೋ ಕಳೆದುಹೋದ ಗಂಟೆಗೆ ಮದ್ದಿಲ್ಲ. ಹೊರಡಲೇಬೇಕಾದರೆ ಸ್ವಂತ ಕಾರಿಗಿಂತ 108 ಆಂಬುಲೆನ್ಸ್ ಒಳ್ಳೆಯದು, ಅದರಲ್ಲಿ ಆಮ್ಲಜನಕವೂ ತರಬೇತಿ ಪಡೆದ ಒಬ್ಬರೂ ಇರುತ್ತಾರೆ.

ಮೊದಲ ಮೂರು ಗಂಟೆ

ಆರಂಭಿಕ ಪ್ರತಿಕ್ರಿಯೆ ಡ್ರಿಪ್ ಹಚ್ಚಿದ ಸುಮಾರು 10 ನಿಮಿಷದಿಂದ 3 ಗಂಟೆಯೊಳಗೆ ಬರುತ್ತದೆ. ಇದು ಹೆಚ್ಚಾಗಿ ಸಣ್ಣದಾಗಿಯೇ ಶುರುವಾಗುತ್ತದೆ, ಅದೇ ತೊಂದರೆ. ಮೊದಲು ತುರಿಕೆ, ಅದೂ ನೆತ್ತಿಯಲ್ಲಿ, ಅಂಗೈಯಲ್ಲಿ, ಸೊಂಟದಲ್ಲಿ. ಆಮೇಲೆ ಗಂಧೆ. ಕೆಲವರಿಗೆ ತುರಿಕೆಯೇ ಇಲ್ಲದೆ ಒಣ ಕೆಮ್ಮು ಬರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕೆರೆಸುತ್ತಾರೆ. ಹೊಟ್ಟೆ ತೊಳಸುವುದು, ವಾಂತಿ, ಹೊಟ್ಟೆ ಹಿಂಡಿದಂಥ ನೋವು, ಭೇದಿ, ಎದೆ ಡವಡವ ಎನ್ನುವುದು, ಮುಖ ಕೆಂಪೇರುವುದು, ವಿನಾಕಾರಣ ಗಾಬರಿ, "ನನಗೇನೋ ಆಗ್ತಾ ಇದೆ" ಎಂಬ ಮಾತು, ಇವೆಲ್ಲ ಅದರ ಮುಖಗಳೇ. ಆ ಕೊನೆಯ ಮಾತನ್ನು ಹೆದರಿಕೆಯೆಂದು ತಳ್ಳಿಹಾಕಬೇಡಿರಿ.

ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದಿಕೊಳ್ಳುವುದು, ದನಿ ಬದಲಾಗುವುದು, ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು, ಕೈಕಾಲು ತಣ್ಣಗಾಗಿ ಬೆವರುವುದು, ಕಣ್ಣು ಕತ್ತಲೆ ಬರುವುದು ಕಂಡರೆ ಅದು ತೀವ್ರ ಪ್ರತಿಕ್ರಿಯೆ. ಆಗ ಯಾರನ್ನೂ ಹುಡುಕುತ್ತ ಕಾರಿಡಾರಿನಲ್ಲಿ ಅಲೆಯದೆ ನಿಂತಲ್ಲಿಂದಲೇ ಜೋರಾಗಿ ಕೂಗಬೇಕು. "ಪೇಷೆಂಟಿಗೆ ಉಸಿರು ಕಟ್ತಾ ಇದೆ, ಎಎಸ್‌ವಿ ಓಡ್ತಾ ಇದೆ" ಎಂಬ ಎರಡು ತುಂಡು ಸಾಕು, ಕೇಳಿದವರಿಗೆ ಎಲ್ಲ ಅರ್ಥವಾಗುತ್ತದೆ. ಬರಿಯ ತುರಿಕೆಯಾದರೂ, ಒಂದೇ ಗಂಧೆಯಾದರೂ ಹೇಳಲೇಬೇಕು. ಡ್ರಿಪ್ಪಿನ ವೇಗ ಬದಲಿಸುವ ಗಾಲಿಯನ್ನು ನೀವೇ ತಿರುಗಿಸಲು ಹೋಗಬೇಡಿರಿ, ಅದು ಸಿಬ್ಬಂದಿಯ ಕೆಲಸ.

ಅವರು ಬರುವವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ತುಸು ಎತ್ತರಿಸಿ ಹಿಡಿಯಿರಿ. ಉಸಿರಿಗೆ ಕಷ್ಟವಾಗುತ್ತಿದ್ದರೆ ಒರಗಿ ಕೂರಲು ಬಿಡಿರಿ, ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಹೊರಳಿಸಿರಿ. ಎದ್ದು ನಿಲ್ಲಿಸಲೇಬಾರದು. ಹೊಟ್ಟೆ ಹಿಂಡಿದಾಗ ರೋಗಿ ಶೌಚಕ್ಕೆ ಹೋಗಬೇಕೆಂದು ಹಟ ಮಾಡುವುದು ಸಾಮಾನ್ಯ, ಮನೆಯವರು ಹೆಗಲು ಕೊಟ್ಟು ನಡೆಸಿಕೊಂಡು ಹೋಗುತ್ತಾರೆ. ರಕ್ತದೊತ್ತಡ ಕುಸಿಯುತ್ತಿರುವವರನ್ನು ಹಾಗೆ ಒಮ್ಮೆಲೇ ಎಬ್ಬಿಸಿದರೆ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗಿ ಅಲ್ಲೇ ಕುಸಿದುಬೀಳಬಹುದು. ಬೆಡ್‌ಪ್ಯಾನ್ ಕೇಳಿರಿ, ಇಲ್ಲದಿದ್ದರೆ ಹಾಸಿಗೆ ಹಾಳಾಗಲಿ. ನೀರು, ಕಷಾಯ, ಮಜ್ಜಿಗೆ ಏನನ್ನೂ ಕುಡಿಸಬೇಡಿರಿ.

ಸಿಬ್ಬಂದಿ ಮೊದಲು ಪ್ರತಿವಿಷವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ, ನಂತರ ಅಡ್ರಿನಲಿನ್ನನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ದೊಡ್ಡವರಿಗೆ 0.5 ಮಿಲಿಗ್ರಾಂ, ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ಸುಧಾರಿಸದಿದ್ದರೆ 5ರಿಂದ 10 ನಿಮಿಷಕ್ಕೆ ಮತ್ತೊಮ್ಮೆ. ಇದನ್ನು ಪಡೆದ ಕೂಡಲೇ ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಏವಿಲ್ ಎಂಬ ಅಲರ್ಜಿ ಮದ್ದು, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ನುಗಳೂ ಬರುತ್ತವೆ, ಆದರೆ ಅವು ಹಿಂಬಾಲಕರು. ಕುಸಿಯುವ ರಕ್ತದೊತ್ತಡವನ್ನು ಎತ್ತುವ, ಕಟ್ಟಿದ ಶ್ವಾಸನಾಳವನ್ನು ಬಿಚ್ಚುವ ಶಕ್ತಿ ಅಡ್ರಿನಲಿನ್ನಿಗೇ ಇರುವುದು.

ಈಗ ಬರುತ್ತದೆ ಮನೆಯವರು ಎಡವುವ ಜಾಗ. ಗಂಧೆ ಇಳಿದು, ಉಸಿರು ಸರಿಹೋದ ಮೇಲೆ ವೈದ್ಯರು ಅದೇ ಪ್ರತಿವಿಷವನ್ನು ಮತ್ತೆ ಹಚ್ಚಲು ಬರುತ್ತಾರೆ. "ಇಷ್ಟೆಲ್ಲ ಆಯಿತು, ಇನ್ನು ಬೇಡವೇ ಬೇಡ" ಎಂದು ಅತ್ತಿಗೆ ಅಂದು ಡ್ರಿಪ್ ಸ್ಟ್ಯಾಂಡಿಗೆ ಅಡ್ಡ ನಿಂತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ದೇಹದೊಳಗೆ ಹರಿದಾಡುತ್ತಿರುವ ವಿಷಕ್ಕೆ ಬೇರೆ ಮದ್ದಿಲ್ಲ. ಅಲರ್ಜಿಯನ್ನು ಅಡ್ರಿನಲಿನ್ ತಡೆದಿದೆ, ವಿಷವನ್ನು ಅದು ತಡೆಯಲಾರದು. ಮೊದಲ 10–15 ನಿಮಿಷ ನಿಧಾನವಾಗಿ, ಪಕ್ಕದಲ್ಲೇ ನಿಂತು ಗಮನಿಸುತ್ತ ಬಿಟ್ಟು, ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಮೊದಲಿನ ವೇಗಕ್ಕೆ ತರುತ್ತಾರೆ. ಅರ್ಧಕ್ಕೆ ನಿಂತ ಪ್ರತಿವಿಷ ಪ್ರತಿವಿಷವೇ ಅಲ್ಲ ಎಂದು ಅಂದಿನ ವೈದ್ಯರು ಅತ್ತಿಗೆಗೆ ಹೇಳಿದ ಮಾತು ಒರಟಾಗಿದ್ದರೂ ನಿಜ.

ಎಲ್ಲವನ್ನೂ ಇಂಜೆಕ್ಷನ್ನಿನ ತಲೆಗೆ ಕಟ್ಟುವುದೂ ಅಪಾಯವೇ. ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ಜೊಲ್ಲು ನುಂಗಲಾಗದಿರುವುದು, ಕತ್ತು ಎತ್ತಲಾಗದಿರುವುದು ಅಲರ್ಜಿಯಲ್ಲ, ವಿಷ, ಹೆಚ್ಚಾಗಿ ನಾಗರ ಅಥವಾ ಕಟ್ಟುಹಾವಿನದು. ವಸಡಿನಲ್ಲಿ, ಸೂಜಿ ಚುಚ್ಚಿದಲ್ಲಿ ರಕ್ತ ಜಿನುಗುವುದು, ಮೂತ್ರ ಕೆಂಪಾಗುವುದು ಮಂಡಲದ ವಿಷ. ಕಚ್ಚಿದ ಕಾಲಿನ ಊತ ಮೇಲೇರುವುದು ವಿಷ, ಕಚ್ಚದ ತುಟಿಯ ಊತ ಅಲರ್ಜಿ. ಹೊಟ್ಟೆನೋವು, ವಾಂತಿ, ರಕ್ತದೊತ್ತಡ ಇಳಿಯುವುದು ಎರಡರಿಂದಲೂ ಆಗುತ್ತದೆ, ಕಟ್ಟುಹಾವಿನ ಕಡಿತದ ಮೊದಲ ದೂರೇ ಎಷ್ಟೋ ಬಾರಿ ಬೆಳಗಿನ ಜಾವದ ಹೊಟ್ಟೆನೋವು. ನೀವು ತೀರ್ಪು ಕೊಡಬೇಕಿಲ್ಲ. ಯಾವುದು, ಡ್ರಿಪ್ಪಿನ ಎಷ್ಟನೆಯ ನಿಮಿಷಕ್ಕೆ, ಮೈಯ ಯಾವ ಭಾಗದಲ್ಲಿ ಶುರುವಾಯಿತು ಎಂಬುದನ್ನು ಚೀಟಿ ನೋಡಿ ಹೇಳಿದರೆ ಸಾಕು.

ಮಂಡಲ ಕಚ್ಚಿದವರಿಗೆ ಈ ಕಾವಲು ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿ ಲೀಟರ್ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಓರೆ ಮಾಡಿದಾಗ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆಯನ್ನು 6 ಗಂಟೆಗೊಮ್ಮೆ ಮಾಡುತ್ತಾರೆ. ಖಾಲಿಯಾದ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಸಮಯ ಬೇಕು. ರಕ್ತ ಇನ್ನೂ ನೀರಾಗಿಯೇ ಇದ್ದರೆ ಎರಡನೆಯ ಕಂತು ಬರುತ್ತದೆ, ಅದು ನಡುರಾತ್ರಿಯಲ್ಲೂ ಬರಬಹುದು. ಮೊದಲ ಕಂತು ಸುಸೂತ್ರವಾಗಿತ್ತೆಂದು ಕಾವಲಿಗಿದ್ದವರು ವರಾಂಡದಲ್ಲಿ ಚಾಪೆ ಹಾಸಿ ಮಲಗಬಾರದು, ಪಾಳಿ ಬದಲಿಸಿಕೊಂಡು ಎಚ್ಚರವಿರಬೇಕು.

ಚಳಿ ಮತ್ತು ನಡುಕ

ಸಾಮಾನ್ಯವಾಗಿ ಒಂದೆರಡು ಗಂಟೆಯ ನಂತರ ಬರುವ ಇನ್ನೊಂದು ಬಗೆಯ ಪ್ರತಿಕ್ರಿಯೆಯಲ್ಲಿ ಗಂಧೆ ಇರುವುದಿಲ್ಲ. ಇದ್ದಕ್ಕಿದ್ದಂತೆ ಹಲ್ಲು ಕಟಕಟ ಎನ್ನುವಂಥ ಚಳಿ, ಮೈ ಅದುರುವುದು, ನಂತರ ಜ್ವರ. ಅಣ್ಣನ ಎದುರಿನ ಹಾಸಿಗೆಯಲ್ಲಿದ್ದ ಹಳ್ಳೇರ ಹುಡುಗನಿಗೆ ಹೀಗಾದಾಗ ಕಬ್ಬಿಣದ ಮಂಚವೇ ನೆಲಕ್ಕೆ ಬಡಿದು ಸದ್ದು ಮಾಡುತ್ತಿತ್ತು. ವಿಷ ತಲೆಗೇರಿತೆಂದು ಅವನ ಅಜ್ಜಿ ಗೋಳಿಟ್ಟರು. ತಯಾರಿಕೆಯ ಹಂತದಲ್ಲಿ ಔಷಧಿಗೆ ಸೇರಿದ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಅಂಶ ಇದಕ್ಕೆ ಕಾರಣ, ಹಾವಲ್ಲ. ನಡುಕವಿರುವಾಗ ಕಂಬಳಿ ಹೊದೆಸಬಹುದು, ಜ್ವರ ಏರಿದ ಮೇಲೆ ಅದನ್ನು ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಬೇಕು, ಮಕ್ಕಳಿಗಂತೂ ಇದು ಮುಖ್ಯ, ಜ್ವರ ನೆತ್ತಿಗೇರಿ ಫಿಟ್ಸ್ ಬರಬಹುದು. ವೈದ್ಯರು ಪ್ಯಾರಾಸಿಟಮಾಲ್ ಕೊಡುತ್ತಾರೆ. ನಿಮ್ಮ ಚೀಲದಲ್ಲಿರುವ ಆಸ್ಪಿರಿನ್, ಬ್ರೂಫೆನ್ ಜಾತಿಯ ಮಾತ್ರೆ ಕೊಡಬೇಡಿರಿ, ರಕ್ತಸ್ರಾವ ಮತ್ತು ಕಿಡ್ನಿಯ ಅಪಾಯವಿರುವ ಹೊತ್ತಿನಲ್ಲಿ ಅವು ಶತ್ರುಗಳು.

ಮನೆಗೆ ಬಂದ ಮೇಲೆ

ಎಲ್ಲರೂ ಮರೆಯುವುದು ಇದನ್ನು. ಪ್ರತಿವಿಷ ಪಡೆದ 1ರಿಂದ 12 ದಿನಗಳೊಳಗೆ, ಹೆಚ್ಚಾಗಿ ಒಂದು ವಾರದ ಹೊತ್ತಿಗೆ, ತಡವಾದ ಪ್ರತಿಕ್ರಿಯೆ ಕಾಣಿಸಬಹುದು. ಡಿಫ್ತೀರಿಯಾಕ್ಕೆ ಕುದುರೆಯ ಸೀರಂ ಪಡೆದ ಮಕ್ಕಳಲ್ಲಿ ಇದನ್ನು ಗಮನಿಸಿ ಫಾನ್ ಪಿರ್ಕೆ ಮತ್ತು ಶಿಕ್ ಎಂಬ ವೈದ್ಯರು 1905ರಲ್ಲೇ ಸೀರಂ ಕಾಯಿಲೆ ಎಂದು ಹೆಸರಿಟ್ಟು ವಿವರಿಸಿದ್ದರು. ದೇಹ ಅಷ್ಟು ದಿನದಲ್ಲಿ ಕುದುರೆಯ ಪ್ರೋಟೀನಿನ ವಿರುದ್ಧ ತನ್ನದೇ ಪ್ರತಿಕಾಯ ತಯಾರಿಸುತ್ತದೆ; ಎರಡೂ ಅಂಟಿಕೊಂಡು ಉಂಟಾದ ಗಂಟುಗಳು ಕೀಲು, ಚರ್ಮ, ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಕೂತು ಉರಿಯೂತ ಮಾಡುತ್ತವೆ.

ಜ್ವರ, ಪದೇ ಪದೇ ಏಳುವ ಗಂಧೆ, ತುರಿಕೆ, ಮಂಡಿ-ಮಣಿಕಟ್ಟುಗಳ ನೋವು ಮತ್ತು ಊತ, ಮೈಕೈ ನೋವು, ಕಂಕುಳು-ತೊಡೆಸಂದಿನಲ್ಲಿ ಗಡ್ಡೆ, ವಾಂತಿ ಇದರ ಲಕ್ಷಣಗಳು. ನಮ್ಮ ಕಡೆ ಇದನ್ನು ಏನೆಂದು ತಿಳಿಯುತ್ತಾರೆಂದು ಹೇಳಬೇಕಿಲ್ಲ. ಒಂಬತ್ತನೆಯ ದಿನ ಅಣ್ಣನ ಮೈಮೇಲೆ ಗಂಧೆ ಎದ್ದಾಗ ಅಮ್ಮ "ಪಿತ್ತ ಕೆದರಿದೆ" ಎಂದು ಮುರುಗಲ (ಪುನರ್ಪುಳಿ) ಸಿಪ್ಪೆ ನೆನೆಹಾಕಿದರು. ಮುರುಗಲ ನೀರಿನ ಮೇಲೆ ನನಗೆ ದ್ವೇಷವಿಲ್ಲ, ಬೇಸಗೆಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಎರಡು ದಿನ ಅದನ್ನು ಕುಡಿಸುತ್ತ ಕಳೆದ ಮೇಲೆ ಅಣ್ಣನಿಗೆ ಕವಳದ (ಎಲೆಯಡಿಕೆಯ) ತಟ್ಟೆ ಎತ್ತಲಾಗದಷ್ಟು ಮಣಿಕಟ್ಟು ಊದಿತ್ತು. ಉಳಿದವರು ಹೊಟ್ಟೆಯಲ್ಲಿ ವಿಷ ಉಳಿದಿದೆ ಎಂದು ನಾಟಿ ಮದ್ದಿಗೆ ಓಡುತ್ತಾರೆ. ವಿಷ ಹಾಗೆ ವಾರಗಟ್ಟಲೆ ಅಡಗಿ ಕೂತು ಗಂಧೆಯಾಗಿ ಹೊರಬರುವುದಿಲ್ಲ.

ಇದು ಬಹುಪಾಲು ಗುಣವಾಗುವಂಥದ್ದೇ. ಸೌಮ್ಯವಾಗಿದ್ದರೆ ಅಲರ್ಜಿ ಮಾತ್ರೆ, ಜಗ್ಗದಿದ್ದರೆ 5ರಿಂದ 7 ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಎರಡನೆಯದನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗಬಾರದು; ಸಕ್ಕರೆ ಕಾಯಿಲೆಯವರಲ್ಲಿ ಅದು ಸಕ್ಕರೆಯನ್ನು ಏರಿಸುತ್ತದೆ, ಕಚ್ಚಿದ ಗಾಯದಲ್ಲಿ ಕೀವಿದ್ದರೆ ಅದನ್ನು ಮರೆಮಾಚುತ್ತದೆ. ಜ್ವರವೆಂದರೆ ಸೀರಂ ಕಾಯಿಲೆಯೇ ಎಂದೂ ತಿಳಿಯಬಾರದು. ಗಾಯ ಕೆಂಪಾಗಿ ನೋವು ಹೆಚ್ಚಿದರೆ ಸೋಂಕು; ಮೂತ್ರ ಕಡಿಮೆಯಾಗಿ ಮುಖ, ಪಾದ ಊದಿದರೆ ಮಂಡಲದ ವಿಷದಿಂದ ಕಿಡ್ನಿಗಾದ ಪೆಟ್ಟು, ಅದಕ್ಕೆ ಒಂದು ದಿನವೂ ಕಾಯುವಂತಿಲ್ಲ. ಅಲರ್ಜಿ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರು ಆ ಮಾತ್ರೆ ನುಂಗುತ್ತಿರುವಷ್ಟು ದಿನ, ಕೀಲುನೋವು ಪೂರ್ತಿ ಹೋಗುವವರೆಗೆ, ಮರ ಹತ್ತಬಾರದು; ಕೊಯ್ಲು ತಡವಾದರೆ ತೋಟದ ಯಜಮಾನರು ಸಹಿಸಿಕೊಳ್ಳಬೇಕು.

ಬಿಡುಗಡೆಯ ಚೀಟಿ

ಮನೆಗೆ ಹೊರಡುವಾಗ ಕೊಡುವ ಚೀಟಿಯಲ್ಲಿ ಎಷ್ಟು ವಯಲ್ ಕೊಟ್ಟರು, ಯಾವ ತಾರೀಖು, ಪ್ರತಿಕ್ರಿಯೆ ಆಯಿತೇ, ಆದರೆ ಯಾವ ಬಗೆಯದು, ಯಾವುದರಿಂದ ಇಳಿಯಿತು ಎಂಬುದು ಇದೆಯೇ ಎಂದು ನೋಡಿಕೊಳ್ಳಿರಿ, ಇಲ್ಲದಿದ್ದರೆ ಬರೆಸಿಕೊಳ್ಳಿರಿ. ಸಾಧ್ಯವಾದರೆ ಖಾಲಿ ವಯಲಿನ ಮೇಲಿನ ಬ್ಯಾಚ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿರಿ, ಚಳಿಜ್ವರದ ಪ್ರತಿಕ್ರಿಯೆಗಳು ಒಂದೇ ಬ್ಯಾಚಿನಲ್ಲಿ ಹೆಚ್ಚು ಕಂಡರೆ ಅದನ್ನು ಪತ್ತೆಹಚ್ಚಲು ಇದೊಂದೇ ದಾರಿ. ಔಷಧಿಗಳ ಅಡ್ಡಪರಿಣಾಮವನ್ನು ರೋಗಿಯ ಮನೆಯವರೂ ವರದಿ ಮಾಡಬಹುದು. ಅದಕ್ಕಾಗಿ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ನಡೆಸುವ ಉಚಿತ ಸಹಾಯವಾಣಿಯ ಸಂಖ್ಯೆ 1800-180-3024. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲೆ ಆಸ್ಪತ್ರೆಯ ದಾಖಲೆ ಮೊದಲಿಗಿಂತ ಕ್ರಮಬದ್ಧವಾಗಿರುತ್ತದೆ, ಆದರೂ ಎರಡು ವರ್ಷದ ನಂತರ ಬೇರೊಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಕೆಲಸಕ್ಕೆ ಬರುವುದು ನಿಮ್ಮ ಕೈಯಲ್ಲಿರುವ ಚೀಟಿಯೇ.

ಒಮ್ಮೆ ಪ್ರತಿಕ್ರಿಯೆಯಾದವರಿಗೆ ಮತ್ತೆ ಹಾವು ಕಚ್ಚಿ ವಿಷದ ಲಕ್ಷಣ ಕಂಡರೆ ಆಗಲೂ ಪ್ರತಿವಿಷವನ್ನೇ ಕೊಡುತ್ತಾರೆ, ಇನ್ನಷ್ಟು ಸಿದ್ಧತೆಯೊಂದಿಗೆ. ಅಣ್ಣನ ಚೀಟಿಯನ್ನು ಅತ್ತಿಗೆ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದಾರೆ. ಅದರ ಫೋಟೋ ಅವನ ಮೊಬೈಲಿನಲ್ಲಿದೆ, ನನ್ನ ಮೊಬೈಲಿನಲ್ಲೂ ಇದೆ.